ಹೆಣದ ಮುಂದಿನ ಮಾತು

ಇದನ್ನು ಬರೆಯಲು ನಾನು ಬಹಳ ತಡ ಮಾಡಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂದುಕೊಂಡೆ. ಪೊರೆ ತೆಗೆಸಿದ್ದಾಯಿತು. ಬೇಸಿಗೆ ಕಳೆಯಲಿ ಅಂದೆ, ಅದೂ ಕಳೆಯಿತು. ಆಮೇಲೆ ಯಾರಾದರೂ ತಾವಾಗಿ ಕೇಳಿದರೆ ಹೇಳೋಣ ಎಂದು ಕಾಯ್ದೆ. ಇಂಥದ್ದನ್ನು ಯಾರೂ ಕೇಳುವುದಿಲ್ಲ. ಒಂದು ಕಥೆ ಅಚ್ಚಾದವನನ್ನು ಜನ ಕೇಳುವ ಪ್ರಶ್ನೆ ಒಂದೇ: ಎರಡನೆಯದು ಯಾವಾಗ? ನಾನು ನಕ್ಕು ಸುಮ್ಮನಾಗುತ್ತಿದ್ದೆ. ಎರಡನೆಯದು ಇಲ್ಲ. ಯಾಕಿಲ್ಲ ಎಂಬುದನ್ನು ಇಲ್ಲಿ ಹೇಳುತ್ತೇನೆ.

ನಾನು ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಅದಕ್ಕೂ ಮೊದಲು ಕಂಡಕ್ಟರ್. ಓದಿದ್ದು ಎಸ್ಸೆಸ್ಸೆಲ್ಸಿ. ಸಣ್ಣ ಕೋಣೆಯ ಕಿಟಕಿಯಲ್ಲಿ ಕೂತು ಬಂದ ಬಸ್ಸು, ಹೋದ ಬಸ್ಸು ನೋಡುವುದು, ಮೈಕಿನಲ್ಲಿ ಊರುಗಳ ಹೆಸರು ಕೂಗುವುದು ನನ್ನ ಕೆಲಸ. ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಕಥೆ ಓದುವ ಚಟ ಹತ್ತಿತ್ತು. ನಿವೃತ್ತಿ ಹತ್ತಿರ ಬಂದಂತೆ ಅದು ಬರೆಯುವ ಚಟವಾಯಿತು. ನನ್ನ ಹೆಸರು ಒಂದು ಸಲವಾದರೂ ಅಚ್ಚಿನಲ್ಲಿ ಬರಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು ಎಂಬ ಆಸೆ ಆ ವಯಸ್ಸಿನಲ್ಲಿ ಎಷ್ಟು ಬಲವಾಗಿ ಹಿಡಿಯುತ್ತದೆ ಎಂದು ಹೇಳಿದರೆ ನಗುತ್ತೀರಿ.

ಮೊದಲ ಕಥೆಗಳಲ್ಲಿ ಒಬ್ಬ ಪ್ರಾಮಾಣಿಕ ಕಂಡಕ್ಟರ್ ಇರುತ್ತಿದ್ದ. ಮರೆತು ಹೋದ ಚೀಲವನ್ನು ಹುಡುಕಿಕೊಂಡು ಹೋಗಿ ಕೊಡುತ್ತಿದ್ದ. ಕುಡುಕನಿಗೆ ಬುದ್ಧಿ ಹೇಳುತ್ತಿದ್ದ. ಕೊನೆಯಲ್ಲಿ ಒಂದು ಭಾಷಣ ಮಾಡುತ್ತಿದ್ದ. ಅವುಗಳನ್ನು ತಹಶೀಲ್ದಾರ್ ಕಚೇರಿಯ ಎದುರಿನ ಡಿ.ಟಿ.ಪಿ. ಅಂಗಡಿಗೆ ಒಯ್ಯುತ್ತಿದ್ದೆ. ಅಂಗಡಿ ನಡೆಸುವ ಹೆಣ್ಣುಮಗಳು ಅರ್ಜಿ, ಅಫಿಡವಿಟ್ಟು, ಲಗ್ನಪತ್ರಿಕೆಗಳ ನಡುವೆ ನನ್ನ ಕಥೆ ಟೈಪು ಮಾಡಿ ಪತ್ರಿಕೆಗಳಿಗೆ ಮೇಲ್ ಕಳಿಸುತ್ತಿದ್ದಳು. ಮೊದಲ ಕಥೆ ಹಳೆಯ ಅಕ್ಷರ ವಿನ್ಯಾಸದಲ್ಲಿ ಹೋಗಿ, ಪತ್ರಿಕೆಯವರ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತಂತೆ. ಮತ್ತೆ ಯೂನಿಕೋಡಿನಲ್ಲಿ ಕಳಿಸಿದೆವು. ಆಗ ಅವರಿಗೆ ಓದಲು ಬಂತು, ಆದರೆ ಬೇಡವಾಯಿತು. ಮೂರು ತಿಂಗಳಲ್ಲಿ ಉತ್ತರ ಬರದಿದ್ದರೆ ಕಥೆ ಸ್ವೀಕೃತವಾಗಿಲ್ಲ ಎಂದು ತಿಳಿಯಿರಿ ಅನ್ನುತ್ತಾರೆ. ನಾನು ಎರಡು ವರ್ಷ ಹಾಗೇ ತಿಳಿಯುತ್ತ ಬಂದೆ.

ಒಂದು ದಿನ ಆ ಹೆಣ್ಣುಮಗಳು ಕೀಲಿಮಣೆಯ ಮೇಲಿಂದ ಕೈ ತೆಗೆದು, "ಕಾಕಾ, ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ನಿಮ್ಮ ಕಂಡಕ್ಟರ್ ಭಾಳ ಶಾಣ್ಯಾ ಅದಾನ್ರಿ. ಅಂವ ಬಾಯಿ ತಗದ ಅಂದ್ರ ನನಗ ಆಕಳಿಕಿ ಬರ್ತಾವು."

"ಒಳ್ಳೇ ಮಾತು ಹೇಳ್ತಾನವಾ ಅಂವ."

"ಅದಕ್ಕ ಬರ್ತಾವ್ರಿ."

ಅದೇ ವರ್ಷ ಸಿಂದಗಿಯಲ್ಲಿ ಎರಡು ದಿನದ ಕಥಾ ಕಮ್ಮಟ ನಡೆಯಿತು. ಹೊಸಬರ ಕಥೆ ಓದಿಸಿ ತಿದ್ದುವ ಕಮ್ಮಟ. ನಡೆಸಿಕೊಟ್ಟವರು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ನನ್ನ ಕಥೆಯ ಒಂದು ಪುಟ ತೆಗೆದುಕೊಂಡು, ಯಾರ ಮಾತು ಎಂದು ಹೇಳದೆ ಬರೀ ಮಾತುಗಳನ್ನಷ್ಟೇ ಗಟ್ಟಿಯಾಗಿ ಓದಿದರು. ಅಪ್ಪ ಯಾರು, ಮಗಳು ಯಾರು, ಕುಡುಕ ಯಾರು ಎಂದು ಕೂತವರನ್ನು ಕೇಳಿದರು. ಒಬ್ಬರಿಗೂ ಗೊತ್ತಾಗಲಿಲ್ಲ.

"ಎಲ್ಲಾರೂ ಒಂದ ಸಾಲ್ಯಾಗ, ಒಂದ ಮಾಸ್ತರ ಕಡೆ ಕಲತಂಗ ಕಾಣತೈತಿ," ಅಂದರು. ಜನ ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು.

ಚಹಾದ ಹೊತ್ತಿನಲ್ಲಿ ಅವರೇ ನನ್ನ ಹತ್ತಿರ ಬಂದರು. "ನೀವು ಬಸ್‌ಸ್ಟ್ಯಾಂಡಿನ್ಯಾಗ ಜೀವಮಾನ ಕಳದವ್ರು. ಎಷ್ಟ ಮಂದಿ ಮಾತು ಕಿವಿ ಮ್ಯಾಲ ಬಿದ್ದಿರಬೇಕು. ಅವೆಲ್ಲಾ ಎಲ್ಲಿ ಹೋದವ್ರಿ? ನಿಮ್ಮ ಕಿವಿಯಿಂದ ಇನ್ನೂ ಹೋಗಲಾರದ ಮಾತು ಯಾವುದರ ಇದ್ರ ಅಲ್ಲಿಂದ ಚಾಲೂ ಮಾಡ್ರಿ."

ಇನ್ನೂ ಕೆಲವು ಹೇಳಿದರು. ಬರೆದ ಮೇಲೆ ಮೊದಲ ಪುಟ ಹರಿದು ಹಾಕಿ ನೋಡಿ, ಬಹಳ ಸಲ ಕಥೆ ಎರಡನೇ ಪುಟದಲ್ಲೇ ಶುರುವಾಗಿರುತ್ತದೆ. ಕಣ್ಣೀರು ಹಾಕಿದಳು ಎಂದು ಬರೆಯಬೇಡಿ. ಮನೆಯಲ್ಲಿ ಯಾರ ಮುಂದಾದರೂ ಗಟ್ಟಿಯಾಗಿ ಓದಿ, ನಾಲಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ತಪ್ಪಿದೆ ಎಂದು ತಿಳಿಯಿರಿ. ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ಮುಂದೆ ನಾನು ಮಾಡಿದ್ದರಲ್ಲಿ ಅವರ ಪಾಲು ಏನೂ ಇಲ್ಲ.

ನನ್ನ ಕಿವಿಯಿಂದ ಹೋಗದ ಮಾತು ಒಂದಿತ್ತು. ಅದು ನನ್ನ ತಂಗಿಯದು.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿ ಅಳುತ್ತಾರೆ. ಹಾಡು ಅಂದರೆ ಕಲಿತ ಹಾಡಲ್ಲ. ಸತ್ತವರ ಜೊತೆ ಮಾತಾಡುತ್ತ, ಆ ಮಾತನ್ನೇ ರಾಗವಾಗಿ ಎಳೆಯುತ್ತ, ಬದುಕಿದ್ದಾಗ ಹೇಳಲಾಗದ್ದನ್ನೆಲ್ಲ ಹೇಳುತ್ತಾರೆ. ಹೊಡೆದದ್ದು, ಉಪವಾಸ ಕೆಡವಿದ್ದು, ಕದ್ದು ತಿಂದದ್ದು, ಪ್ರೀತಿ ಮಾಡಿದ್ದು ಎಲ್ಲವೂ ಬರುತ್ತದೆ. ಸುತ್ತ ಕೂತ ಹೆಂಗಸರು ಕೇಳುತ್ತಾರೆ. ಹೊರಗೆ ಕೂತ ಗಂಡಸರು ಕೇಳಿಸಿದರೂ ಕೇಳಿಸದವರ ಹಾಗೆ ಕೂಡ್ರಬೇಕು. ಮಣ್ಣು ಮಾಡಿ ಬಂದ ಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ, ಜಗಳದಲ್ಲಿ ಕೂಡ. ಹೀಗೆಂದು ಯಾರೂ ಬರೆದಿಟ್ಟಿಲ್ಲ. ಎಲ್ಲರಿಗೂ ಗೊತ್ತು.

ನನ್ನ ತಂಗಿ ಇದರಲ್ಲಿ ಹೆಸರಾದವಳು. ಲಚ್ಯಾಣದಲ್ಲಿ ಹುಟ್ಟಿ ದೇವಣಗಾಂವಕ್ಕೆ ಸೊಸೆಯಾಗಿ ಹೋದವಳು. ಎರಡೂ ಊರಲ್ಲಿ ಯಾರೇ ಹೋದರೂ ಅವಳು ಬರುವ ತನಕ ಹೆಂಗಸರು ಕಾಯುತ್ತಿದ್ದರು. ಅವಳ ಗಂಡ ತೀರಿಕೊಂಡಾಗ ನಾನು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಹೆಣ ಕೂಡ್ರಿಸಿದ್ದರು. ಅವಳು ಅದರ ಕಾಲ ಹತ್ತಿರ ಕೂತು ಅಳುತ್ತ, ಅಲ್ಲಿಯವರೆಗೆ ಯಾರಿಗೂ ಹೇಳದ್ದೊಂದನ್ನು ಗಂಡನಿಗೆ ಹೇಳಿದಳು. ಅವಳ ಮಾತುಗಳನ್ನು ನಾನು ಇಲ್ಲಿ ಮತ್ತೆ ಇಳಿಸುವುದಿಲ್ಲ, ಅರ್ಥವಷ್ಟೇ ಹೇಳುತ್ತೇನೆ. ಮದುವೆಯ ಹೊಸದರಲ್ಲಿ ಅವನ ಹೊಡೆತ ತಾಳದೆ ಅವಳು ಕೂಸನ್ನು ಕಟ್ಟಿಕೊಂಡು ಬಾವಿಗೆ ಹೋಗಿದ್ದಳು. ಕೂಸು ನೀರಿನಲ್ಲಿ ತನ್ನ ಮುಖ ನೋಡಿ ನಕ್ಕಿತು. ಅವಳು ತಿರುಗಿ ಬಂದು ಒಲೆ ಹಚ್ಚಿದಳು.

ಆ ಕೂಸು ಅವಳ ಒಬ್ಬಳೇ ಮಗಳು. ಆಗ ಬಸವನ ಬಾಗೇವಾಡಿಯ ಗಂಡನ ಮನೆಯಲ್ಲಿ ಹಸಿ ಬಾಣಂತಿಯಾಗಿದ್ದಳು, ತಂದೆಯ ಮಣ್ಣಿಗೆ ಬರಲಾಗಲಿಲ್ಲ. ತಾಯಿ ಅತ್ತದ್ದು ಅವಳ ಕಿವಿಗೆ ಬೀಳಲಿಲ್ಲ. ಕೇಳಿದ ಹೆಂಗಸರು ಅದನ್ನು ಎಂದೂ ಬಾಯಿಗೆ ತರಲಿಲ್ಲ.

ನಾನೊಬ್ಬನೇ ಅದನ್ನು ಹೊರಗೆ ತಂದೆ. ಕಮ್ಮಟದಿಂದ ಬಂದು ಕಥೆ ಬರೆಯಲು ಕೂತಾಗ ಆ ಅಳು ತಾನಾಗಿ ಕೈಗೆ ಬಂತು. ಇಪ್ಪತ್ತು ಪುಟ ಬರೆದೆ. ಮೊದಲ ಪುಟ ಹರಿದೆ, ಎರಡನೆಯದನ್ನೂ ಹರಿದೆ. ಸತ್ತ ಮನೆಯ ಅಂಗಳದ ವರ್ಣನೆ ಹೋಯಿತು. ಗಂಡನ ಕೆಟ್ಟತನದ ಬಗ್ಗೆ ನಾನು ಕೊಟ್ಟ ವಿವರಣೆ ಹೋಯಿತು. ಉಳಿದದ್ದು ಹೆಂಗಸೊಬ್ಬಳ ಧ್ವನಿ ಮಾತ್ರ. ಬರೆಯುವಾಗ ಬೆನ್ನು ನೋಯುತ್ತಿದ್ದದ್ದೂ ತಿಳಿಯುತ್ತಿರಲಿಲ್ಲ. ನನಗೆ ಈಗ ಬರೆಯಲು ಬಂತು ಎಂದು ಸಂತೋಷಪಟ್ಟೆ.

ಮೇಷ್ಟ್ರು ಹೇಳಿದಂತೆ ಹೆಂಡತಿಯ ಮುಂದೆ ಓದಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆ ಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಬಾವಿಯ ಮಾತು ಬಂದಾಗ ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳು ಅದನ್ನು ತೆಗೆಯಲಿಲ್ಲ.

"ಇದು ನಮ್ಮ ನಾದಿನಿ ಅತ್ತದ್ದು."

"ಕಥಿ ಇದು."

"ಕಥಿ ಅಲ್ರಿ. ನಾ ಆಕಿ ಬಾಜೂಕ ಕುಂತಿದ್ದೆ. ಆಕಿ ಅಂದದ್ದ ಅಂದೀರಿ."

"ಹೆಸರು ಬದಲ ಮಾಡೇನಿ. ಊರ ಬದಲ ಮಾಡೇನಿ. ಗಂಡನ ಉದ್ಯೋಗಾನೂ ಬದಲ ಮಾಡೇನಿ. ಯಾರಿಗಿ ತಿಳಿತೈತಿ?"

"ಆಕಿಗಿ ತಿಳಿಯಂಗಿಲ್ಲೇನು?"

"ಆಕಿಗಿ ಓದಾಕ ಎಲ್ಲಿ ಬರತೈತಿ," ಅಂದೆ.

ಈ ಮಾತು ಆಡಿದವನು ನಾನು. ಅವಳನ್ನು ಶಾಲೆ ಬಿಡಿಸಿದಾಗ ಅದೇ ಮನೆಯಲ್ಲಿ ಕೂತು ಎಸ್ಸೆಸ್ಸೆಲ್ಸಿ ಓದಿದವನೂ ನಾನೇ.

ಹೆಂಡತಿ ಸುಟ್ಟ ರೊಟ್ಟಿಯನ್ನು ಪಕ್ಕಕ್ಕೆ ಹಾಕಿದಳು. "ಹೆಣದ ಮುಂದ ಆಡಿದ್ದು ಮಣ್ಣಾಗ ಹೋಗಬೇಕ್ರಿ. ಅವತ್ತ ಅಷ್ಟ ಮಂದಿ ಹೆಂಗಸರು ಇದ್ದಿವಿ. ಒಬ್ಬಾಕಿ ಬಾಯಿ ಬಿಟ್ಟಾಳೇನು ಇವತ್ತಿನ ತನಾ? ನೀವೊಬ್ಬರು ಗಂಡಸು ಹೊರಗ ಕುಂತು ಕೇಳಿ..." ಮತ್ತೊಂದು ಉಂಡೆ ಹಿಟ್ಟು ತೆಗೆದುಕೊಂಡಳು.

ನಾನು ಅವಳ ಮಾತು ಕೇಳಲೇ ಇಲ್ಲ ಎಂದಲ್ಲ. ಬಾವಿಯನ್ನು ತೆಗೆದು ಬರೆದು ನೋಡಿದೆ. ಗಂಡ ಸತ್ತ, ಹೆಂಡತಿ ಅತ್ತಳು ಎಂಬ ಸುದ್ದಿಯಾಯಿತೇ ಹೊರತು ಕಥೆಯಾಗಲಿಲ್ಲ. ಬಾವಿಯ ಬದಲು ರೈಲು ಹಳಿ ಇಟ್ಟೆ. ಹಳಿಯಲ್ಲಿ ಕೂಸಿಗೆ ಮುಖ ಕಾಣುವುದಿಲ್ಲ, ಅದು ನಗುವುದಿಲ್ಲ, ತಾಯಿ ತಿರುಗಿ ಬರಲು ಕಾರಣವೇ ಇಲ್ಲ. ಮತ್ತೆ ಬಾವಿಗೇ ಬಂದೆ.

ಕೊನೆಗೆ ಒಂದು ಶಬ್ದ ಉಳಿಯಿತು. ತಂಗಿ ಮಗಳನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು ಅದು. ಒಂದು ಪೈರಿನ ತೆನೆಯ ಹೆಸರು. ಬೇರೆ ಯಾವ ತಾಯಿಯೂ ಮಗಳನ್ನು ಹಾಗೆ ಕರೆದದ್ದು ನಾನು ಕೇಳಿಲ್ಲ. ಗಂಡನ ಮುಂದೆ ಅಳುವಾಗಲೂ ಅದೇ ಹೆಸರು ಹಿಡಿದು ಅತ್ತಿದ್ದಳು. ಅದನ್ನು ಹೊಡೆದು ಹಾಕಿ ಕೂಸು ಎಂದು ಬರೆದೆ, ಕಂದ ಎಂದು ಬರೆದೆ. ಗಟ್ಟಿಯಾಗಿ ಓದಿದರೆ ಆ ಸಾಲು ಕಾಲು ಮುರಿದುಕೊಂಡು ಬೀಳುತ್ತಿತ್ತು. ಒಂದು ವಾರ ಅದೊಂದೇ ಶಬ್ದದ ಮೇಲೆ ಕೂತೆ. ಮಗಳು ದೊಡ್ಡವಳಾಗಿದ್ದಾಳೆ, ಈಗ ಆ ಹೆಸರು ಯಾರಿಗೆ ನೆನಪಿದೆ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನೇ ತಿರುಗಿ ಬರೆದೆ. ಆ ಸಾಲು ನೆಟ್ಟಗಾಯಿತು.

ಡಿ.ಟಿ.ಪಿ. ಅಂಗಡಿಯ ಹೆಣ್ಣುಮಗಳು ಆ ಪುಟ ಟೈಪು ಮಾಡುತ್ತ ನಿಲ್ಲಿಸಿದಳು. ಮುಖ ಒರೆಸಿಕೊಂಡಳು.

"ಇದು ಖರೇ ನಡದದ್ದೇನ್ರಿ ಕಾಕಾ?"

"ಇಲ್ಲವಾ. ನಾ ಕಟ್ಟಿದ್ದು."

"ಭಾಳ ಚಲೋ ಕಟ್ಟೀರಿ," ಅಂದಳು.

ಕಳಿಸಿ ಒಂದು ತಿಂಗಳೂ ಆಗಿರಲಿಲ್ಲ, ಅವಳೇ ಫೋನು ಮಾಡಿ ಮೇಲ್ ಓದಿ ಹೇಳಿದಳು. ಕಥೆ ಸ್ವೀಕೃತವಾಗಿದೆ, ವಿಶೇಷಾಂಕದಲ್ಲಿ ಬರುತ್ತದೆ, ಭಾವಚಿತ್ರ ಕಳಿಸಿ. ಸಂಪಾದಕರು ಒಂದೇ ತಿದ್ದುಪಡಿ ಮಾಡಿದ್ದರು. ಕೊನೆಯಲ್ಲಿ ನಾನು ಉಪದೇಶ ಸೇರಿಸಿದ್ದ ನಾಲ್ಕು ಸಾಲು ಕತ್ತರಿಸಿದ್ದರು. ಸಂಚಿಕೆ ಬಂದ ದಿನ ಬಸ್ ನಿಲ್ದಾಣಕ್ಕೆ ಹೋಗಿ ಹಳೆಯ ಗೆಳೆಯರಿಗೆಲ್ಲ ತೋರಿಸಿದೆ. ಹೆಂಡತಿ ಮಾತ್ರ ಅದನ್ನು ಮುಟ್ಟಲಿಲ್ಲ.

ಕೆಲವು ದಿನಗಳ ಮೇಲೆ ಬಸವನ ಬಾಗೇವಾಡಿಯ ಸಾಹಿತ್ಯಾಸಕ್ತರು ನನ್ನನ್ನು ಕರೆದು ಸನ್ಮಾನ ಇಟ್ಟುಕೊಂಡರು. ಅಲ್ಲಿ ಕಥೆಯನ್ನು ಓದಬೇಕು ಅಂದರು. ತಂಗಿಯ ಮಗಳು ಅದೇ ಊರಲ್ಲಿದ್ದಾಳೆ. ನಾನೇ ಅವಳಿಗೆ ಫೋನು ಮಾಡಿದೆ. ನಿಮ್ಮ ಮಾಮಾಗ ಶಾಲು ಹೊಚ್ಚತಾರ, ಮನಿಯವರನ್ನೆಲ್ಲಾ ಕರಕೊಂಡು ಬಾರವಾ ಅಂದೆ. ಈಗ ಕೂತು ಯೋಚಿಸಿದರೆ ನನಗೇ ನಂಬಿಕೆ ಬರುವುದಿಲ್ಲ. ಆದರೆ ಆ ದಿನ ನನ್ನ ತಲೆಯಲ್ಲಿದ್ದದ್ದು ಎರಡೇ: ಯಾವ ಅಂಗಿ ಹಾಕಿಕೊಳ್ಳಲಿ, ಯಾವ ಸಾಲಿನ ಮೇಲೆ ತಡೆದು ಓದಲಿ.

ಅವಳು ಗಂಡ ಮತ್ತು ಅತ್ತೆಯ ಜೊತೆ ಎರಡನೇ ಸಾಲಿನಲ್ಲಿ ಕೂತಿದ್ದಳು. ನಾನು ಚೆನ್ನಾಗಿ ಓದಿದೆ. ಮೈಕು ನನಗೆ ಹೊಸದಲ್ಲ. ತೆನೆಯ ಹೆಸರಿನ ಮೇಲೆ, ಅಂದುಕೊಂಡಿದ್ದ ಹಾಗೆ, ಒಂದು ಉಸಿರು ತಡೆದೆ. ಕಣ್ಣೆತ್ತಿದಾಗ ಎರಡನೇ ಸಾಲಿನಲ್ಲಿ ಅವಳು ತಲೆ ತಗ್ಗಿಸಿ ಕೂತದ್ದು ಕಂಡಿತು. ಅತ್ತೆ ಬಾಗಿ ಏನೋ ಕೇಳುತ್ತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬಳೇ ಬಂದಳು. ಯಾವಾಗಿನಂತೆ ಕಾಲು ಮುಟ್ಟಿದಳು.

"ಮಾಮಾ, ಆ ಕೂಸು ನಾನ ಏನು?"

"ಕಥಿ ಐತವಾ ಅದು."

"ನೀ ಅಲ್ಲ ಅಂತ ಒಂದ್ ಮಾತ್ ಹೇಳು. ಸಾಕು."

ನಾನು ಬಾಯಿ ತೆರೆಯುವಷ್ಟರಲ್ಲಿ ಸಂಘಟಕರು ಫೋಟೋಕ್ಕೆ ಕರೆದರು. ನಾನು ಹೋದೆ. ಹೋಗದೆ ನಿಲ್ಲಬಹುದಿತ್ತು. ತಿರುಗಿ ಬಂದಾಗ ಅವಳು ಇರಲಿಲ್ಲ, ಊಟಕ್ಕೂ ನಿಂತಿರಲಿಲ್ಲ.

ಮರುದಿನ ಅವಳು ದೇವಣಗಾಂವಕ್ಕೆ ಹೋದಳು. ಅಲ್ಲಿ ಆದದ್ದು ನನಗೆ ಹೆಂಡತಿಯಿಂದ ತಿಳಿಯಿತು. ನನ್ನ ತಂಗಿ ಸುಳ್ಳು ಹೇಳಲಿಲ್ಲ. "ಹೋಗಿದ್ದೆ. ತಿರುಗಿ ಬಂದೆ," ಅಂದಳಂತೆ.

"ನನ್ನ ಯಾಕ ಒಯ್ದಿ?"

"ನಿನ್ನ ಯಾರ ಹಂತ್ಯಾಕ ಬಿಟ್ಟ ಹೋಗಲಿ?"

ಮಗಳು ಆ ಮೇಲೆ ತಾಯಿಯ ಮನೆಗೆ ಬರುವುದನ್ನು ಬಿಟ್ಟಳು. ನಾಗರ ಪಂಚಮಿಗೆ ಎಲ್ಲರ ಮನೆಯ ಹೆಣ್ಣುಮಕ್ಕಳು ಬಂದರು, ಅವಳು ಬರಲಿಲ್ಲ. ತಂಗಿ ಉಂಡಿ ಕಟ್ಟಿ ಡಬ್ಬಿಯಲ್ಲಿ ಯಾರದೋ ಕೈಯಲ್ಲಿ ಕಳಿಸಿದಳು. ಡಬ್ಬಿ ತುಂಬಿದ ಹಾಗೇ ತಿರುಗಿ ಬಂತು. ಮುಂದಿನ ಪಂಚಮಿಗೆ ತಂಗಿ ಉಂಡಿ ಕಟ್ಟಲಿಲ್ಲ. ಇಷ್ಟೆಲ್ಲ ಆದರೂ ನನ್ನ ಬಗ್ಗೆ ಅವಳು ಯಾರ ಮುಂದೆಯೂ ಒಂದು ಮಾತು ಆಡಿದ್ದು ನನಗೆ ಗೊತ್ತಿಲ್ಲ. ಹೋಗಿ ಕಾಲು ಹಿಡಿಯಿರಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಹೋಗುತ್ತೇನೆ ಅನ್ನುತ್ತಿದ್ದೆ. ಮತ್ತೊಂದು ಕಥೆ ಕೇಳಿ ಪತ್ರಿಕೆಯಿಂದ ಮೇಲ್ ಬಂದಿತ್ತು. ಕೂತೆ. ಯಾರ ಧ್ವನಿಯೂ ಬರಲಿಲ್ಲ.

ಅಷ್ಟರಲ್ಲಿ ಹೆಂಡತಿ ಹೋದಳು. ಜ್ವರ ಅಂದರು, ಕಿಡ್ನಿ ಅಂದರು, ಮನೆಗೆ ಹೆಣವಾಗಿ ಬಂದಳು. ಮುದ್ದೇಬಿಹಾಳದ ಮನೆಗೆ ತಂಗಿ ಬಂದಾಗ ಹೆಂಗಸರೆಲ್ಲ ಸರಿದು ದಾರಿ ಬಿಟ್ಟರು. ಅವಳು ಅತ್ತಿಗೆಯ ಕಾಲ ಹತ್ತಿರ ಕೂತಳು. ಎಲ್ಲರೂ ಕಾಯ್ದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ಕೂತೇ ಇದ್ದಳು.

ನೆರೆಮನೆಯ ಮುದುಕಿ ಅವಳ ಬೆನ್ನ ಮೇಲೆ ಕೈಯಿಟ್ಟು, "ಹಾಡ್ಯಾಡಿ ಅಳವಾ, ನಿಮ್ಮ ವೈನಿ ಹೊಂಟಾಳ," ಅಂದಳು.

ತಂಗಿ ಸೆರಗು ತೆಗೆದು ಸಣ್ಣ ದನಿಯಲ್ಲಿ, "ಇಲ್ಲಿ ಬರಿಯಾವ್ರು ಅದಾರ," ಅಂದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಕುತ್ತಿಗೆ ತಿರುಗಿಸಿ ಅವಳು ನನ್ನ ಕಡೆ ನೋಡಲೂ ಇಲ್ಲ. ಉಳಿದ ಹೆಂಗಸರಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ಅವರೂ ಬಾಯಿ ಬಿಡಲಿಲ್ಲ. ಭಜನೆಯವರು ತಮ್ಮ ಪದ ಹಾಡಿದರು, ಅದು ಬೇರೆ. ನನ್ನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಅವಳ ಬದುಕನ್ನು ಹೇಳಿ ಅಳುವವರು ಒಬ್ಬರೂ ಇಲ್ಲದೆ ಹೋದರು. ಇದ್ದರು, ನಾನು ಅವರ ಬಾಯಿ ಕಟ್ಟಿದ್ದೆ.

ದಿನಕರ್ಮ ಮುಗಿದ ಮೇಲೆ ದೇವಣಗಾಂವಕ್ಕೆ ಹೋದೆ. ತಂಗಿ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು.

"ಬಾ ಅಣ್ಣಾ," ಅಂದಳು. ನೀರು ಕೊಟ್ಟಳು. ಏನು ಹೇಳಬೇಕೆಂದು ಬಸ್ಸಿನಲ್ಲಿ ಕೂತು ಎಲ್ಲ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು, "ಸಿಂದಗಿ ಬಸ್ ಈಗ ಲಗೂ ಬರತೈತೇನು?"

"ಬಸ್ ನಿಮ್ಮವು. ನಿನಗ ಗೊತ್ತಿರಬೇಕು," ಅಂದಳು. ಸ್ವಲ್ಪ ನಕ್ಕಳು ಕೂಡ. ಉಂಡು ಹೋಗು ಅಂದಳು. ಉಂಡೆ. ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಕೇಳಿದಳು:

"ಮತ್ತೇನರ ಬರದಿ ಏನು?"

"ಇಲ್ಲ."

"ಯಾಕ?"

ನಾನು ಹೇಳಬೇಕಾದ ಮಾತಿಗೆ ಅವಳು ತಾನಾಗಿ ಬಾಗಿಲು ತೆರೆದು ನಿಂತಿದ್ದಳು. ನಾನು ಕೈಗಡಿಯಾರ ನೋಡಿ, "ಬಸ್ಸಿನ ಹೊತ್ತಾತು," ಅಂದೆ.

ಅವಳು ಈಗ ಇಲ್ಲ. ಕೊನೆಯ ದಿನಗಳಲ್ಲಿ ಮಗಳು ಬಂದು ಅವಳ ಹತ್ತಿರ ಇದ್ದಳು ಎಂಬುದೊಂದು ಸಮಾಧಾನ. ಅದನ್ನು ಮಾಡಿಸಿದವನು ನಾನಲ್ಲ. ಸುದ್ದಿ ಕೇಳಿ ನಾನು ಅಂಗಳಕ್ಕೆ ಕಾಲಿಟ್ಟಾಗ ಒಳಗೆ ಆಗಷ್ಟೇ ಎದ್ದ ಅಳು ತಡೆಯಿತು. ಒಬ್ಬಳು ಇನ್ನೊಬ್ಬಳಿಗೆ ಕಣ್ಣು ಮಾಡಿದ್ದು ಕಂಡಿತು. ನನಗೆ ತಿಳಿಯಿತು. ಮುಖ ಕೂಡ ನೋಡದೆ ಹೊರಗೆ ಬಂದೆ, ಹೊಲದ ದಾರಿ ಹಿಡಿದು ಮಾತು ಕೇಳಿಸದಷ್ಟು ದೂರ ಹೋಗಿ ಒಂದು ಬದುವಿನ ಮೇಲೆ ನಿಂತೆ. ಸ್ವಲ್ಪ ಹೊತ್ತಿಗೆ ಅಳು ಎದ್ದಿತು. ರಾಗ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಕರೆಯಲು ಜನ ಬರುವ ತನಕ ಅಲ್ಲೇ ನಿಂತಿದ್ದೆ.

ಮಣ್ಣಾದ ಮೇಲೆ ತಂಗಿಯ ಮಗಳಿಗೆ ನಾನು ಒಂದು ಸಂಗತಿ ಹೇಳಿದೆ. ಅವಳ ತಾಯಿ ಗಂಡನ ಮುಂದೆ ಅಳುವಾಗ ಇನ್ನೊಂದು ಮಾತು ಅಂದಿದ್ದಳು. ಅದನ್ನು ನಾನು ಕಥೆಯಿಂದ ತೆಗೆದಿದ್ದೆ. ಬಾವಿಗೆ ಹೋಗುವ ಮುಂಚಿನ ವಾರ ಅವಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಬೆನ್ನ ಮೇಲಿನ ಬಾಸುಂಡೆ ಅವ್ವನಿಗೆ ತೋರಿಸಿದ್ದಳು. ನಾನು ಆಗ ಹೊಸ ಕಂಡಕ್ಟರ್. ಊರು ಏನನ್ನುತ್ತದೆ ಎಂದು ಅವಳನ್ನು ಇಂಡಿಗೆ ಕರೆದುಕೊಂಡು ಹೋಗಿ, ಸಿಂದಗಿ ಬಸ್ಸಿನ ಮುಂದಿನ ಸೀಟಿನಲ್ಲಿ ನಾನೇ ಕೂಡ್ರಿಸಿ, ಹೋಗು, ಎಲ್ಲಾ ಸರಿ ಹೋಗತೈತಿ ಅಂದಿದ್ದೆ. ಅಣ್ಣನೂ ತಿರುಗಿ ಕಳಿಸಿದ ಎಂದು ಅವಳು ಗಂಡನಿಗೆ ಹೇಳಿ ಅತ್ತಿದ್ದಳು. ಕಥೆಗೆ ಅಣ್ಣನ ಪಾತ್ರ ಬೇಡ, ಬಿಗಿ ಕಡಿಮೆಯಾಗುತ್ತದೆ ಎಂದು ಆ ಸಾಲಿನ ಮೇಲೆ ಗೆರೆ ಎಳೆದಿದ್ದೆ.

ಅವಳು ಕೊನೆಯ ತನಕ ಕೇಳಿದಳು. ಆಮೇಲೆ ಅಂದಳು: "ಅದನ್ನ ಬರಿ ಮಾಮಾ. ಅವ್ವಂದಷ್ಟ ಬರದಿ, ನಿಂದು ಬಿಟ್ಟಿ. ಈ ಸಲ ಹೆಸರು ಬದಲ ಮಾಡಬ್ಯಾಡ."

ಬರೆದಿದ್ದೇನೆ. ತಪ್ಪಾಯಿತು ಎಂಬ ಮಾತನ್ನು ತಂಗಿ ಬದುಕಿದ್ದಾಗ ನಾನು ಹೇಳಲಿಲ್ಲ, ಓದಲು ಬಾರದವಳಿಗೆ ಈಗ ಅಚ್ಚಿನಲ್ಲಿ ಹೇಳಿ ಪ್ರಯೋಜನವೂ ಇಲ್ಲ. ಈ ಸಲ ಹೆಸರು ಬದಲು ಮಾಡಿಲ್ಲ. ನನ್ನ ತಂಗಿಯ ಹೆಸರು ಶಿವಗಂಗವ್ವ.